ಪಟ್ಟಿಯ ಏಳನೇ ಸಾಲು

ಸಾಗರದಿಂದ ಅಕ್ಕನ ಮಗ ಫೋನಿಗೆ ಕಳಿಸಿದ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಮಾನಿಟರ್, ಯುಪಿಎಸ್. ಪ್ರತಿಯೊಂದರ ಎದುರಿಗೂ ಅಂದಾಜು ಬೆಲೆ. ಕೆಳಗೆ ಒಂದು ಮಾತು: “ಮಾವ, ಏಳನೇದು ನಾನೇ ಫಿಕ್ಸ್ ಮಾಡಿದೀನಿ. ಉಳಿದದ್ದರಲ್ಲಿ ಏನಾದ್ರೂ ಬದಲಾಯಿಸೋದಿದ್ರೆ ನೀವು ಹೇಳಿ.”

ಏಳನೇ ಸಾಲಿನಲ್ಲಿದ್ದದ್ದು ಜೆನ್ 5 ಎಂದು ಕರೆಯುವ ಐದನೇ ತಲೆಮಾರಿನ ಎಸ್‌ಎಸ್‌ಡಿ, ಒಂದು ಟಿಬಿಯದು. ಸೆಕೆಂಡಿಗೆ 14,000 ಎಂಬಿ ಓದುತ್ತದೆ ಎಂದು ಅದರ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಹುಡುಗ ಮನಸೋತದ್ದು ಆ ಅಂಕಿಗೆ. ಭಾವನದು ಫೋಟೊ ಸ್ಟುಡಿಯೊ. ಮದುವೆ, ಗೃಹಪ್ರವೇಶ, ಉಪನಯನ ಎಂದು ಹಗಲೆಲ್ಲ ಕ್ಯಾಮೆರಾ ಹಿಡಿದು ತಿರುಗಿ, ರಾತ್ರಿ ಮನೆಯ ಕಂಪ್ಯೂಟರಿನ ಮುಂದೆ ಅಪ್ಪ ಮಗ ಇಬ್ಬರೂ ಎಡಿಟಿಂಗಿಗೆ ಕೂರುತ್ತಾರೆ. ಹಳೆಯ ಯಂತ್ರದ ಹಾರ್ಡ್‌ಡಿಸ್ಕು ಟಿಕ್ ಟಿಕ್ ಅನ್ನಲು ಶುರುಮಾಡಿ ಆರು ತಿಂಗಳಾಗಿತ್ತು. ಹೊಸದು ಬೇಕೇ ಬೇಕಿತ್ತು. ದುಡ್ಡು ಮಾತ್ರ ಅಳೆದು ಇಟ್ಟಷ್ಟೇ ಇತ್ತು.

ನಾನು ಉಳಿದ ಎಂಟು ಸಾಲುಗಳನ್ನು ಮುಟ್ಟಲಿಲ್ಲ. ಹೊಡೆದುಹಾಕಿದ್ದು ಏಳನೆಯದನ್ನೇ. ಯಾಕೆಂದು ಅವನಿಗೆ ಎರಡು ಭಾನುವಾರ ಫೋನಿನಲ್ಲಿ ವಿವರಿಸಿದೆ. ಈಗ ಎಷ್ಟೋ ಮನೆಗಳಲ್ಲಿ ಇಂಥದೇ ಪಟ್ಟಿ ತಯಾರಾಗುತ್ತಿರುತ್ತದೆ. ಅವರ ಕೈಗೂ ಸಿಗಲಿ ಎಂದು ಆ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 14,000ದ ವಿಚಾರ. ಅದು ಸುಳ್ಳಲ್ಲ. ಒಂದೇ ಒಂದು ದೊಡ್ಡ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಿದರೆ ಸಿಗುವ ವೇಗ ಅದು. ಕಂಪ್ಯೂಟರು ದಿನವಿಡೀ ಮಾಡುವ ಕೆಲಸ ಬೇರೆ. ವಿಂಡೋಸ್ ಎದ್ದು ಕೂರುವಾಗ, ಬ್ರೌಸರು ತೆರೆಯುವಾಗ, ಫೋಟೊಗಳ ಫೋಲ್ಡರು ಬಿಚ್ಚಿದಾಗ ಅದು ಸಾವಿರಾರು ಪುಟ್ಟ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕುತ್ತಿರುತ್ತದೆ. ಮಲೆನಾಡಿನ ಅಂಚೆಯಣ್ಣನ ಕೆಲಸದಂತೆ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ, ಮತ್ತೊಂದು ಹೊಳೆ ದಾಟಿ. ಪ್ರತಿ ಮನೆಗೂ ಕೊಡುವುದು ಒಂದೊಂದು ಕಾಗದ. ಅವನಿಗೆ ಹದಿನಾಲ್ಕು ಚಕ್ರದ ಲಾರಿ ಕೊಟ್ಟರೆ ಕಾಗದಗಳು ಬೇಗ ತಲುಪುವುದಿಲ್ಲ. ಹೊತ್ತು ಹೋಗುವುದು ಮನೆಯಿಂದ ಮನೆಗೆ ಹತ್ತಿ ಇಳಿಯುವುದರಲ್ಲಿ.

ಹಳೆಯ ಹಾರ್ಡ್‌ಡಿಸ್ಕು ಸೋತದ್ದು ಇಲ್ಲೇ. ಅದರ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತೋಳು ಆ ಜಾಗಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಎಂಬತ್ತರ ಆಸುಪಾಸು ಓದುಗಳು. ಒಂದೊಂದು ತುಣುಕು 4 ಕೆಬಿ ಎಂದರೆ ಒಟ್ಟು ಒಂದು ಎಂಬಿಯ ಮೂರನೇ ಒಂದು ಪಾಲು! ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಆದರೂ ಸಾಮಾನ್ಯ ಫ್ಲ್ಯಾಶ್ ಚಿಪ್ಪಿನಿಂದ ಒಂದು ತುಣುಕು ಹೊರಬರಲು ಸುಮಾರು 50 ಮೈಕ್ರೋಸೆಕೆಂಡ್ ಬೇಕು. ಸೆಕೆಂಡಿಗೆ 20,000 ಬಾರಿ, ಸುಮಾರು 80 ಎಂಬಿ. ಒಂದರ ಹಿಂದೊಂದು ಹೀಗೆ ಓದುವಾಗ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ 30ರಿಂದ 40 ಎಂಬಿ ಕೊಡುತ್ತದೆ, ಜೆನ್ 4ರ ಒಳ್ಳೆಯ ಡ್ರೈವು 80ರ ಹತ್ತಿರ, ಜೆನ್ 5ರದ್ದು 100ರ ಸುತ್ತಮುತ್ತ. ಪೆಟ್ಟಿಗೆಯ ಮೇಲೆ 550, 7,000, 14,000 ಎಂದು ನೆಗೆಯುವ ಅಂಕಿಗಳು ದಿನನಿತ್ಯದ ಕೆಲಸದಲ್ಲಿ ಇಷ್ಟು ಹತ್ತಿರ ಬಂದು ನಿಲ್ಲುತ್ತವೆ. ಚಿಪ್ಪಿನಿಂದ ಹೊರಡುವ ರಸ್ತೆ ಎಷ್ಟು ಅಗಲವಾದರೂ ಚಿಪ್ಪಿನೊಳಗೆ ಹಿಡಿಯುವ ಆ ಹೊತ್ತು ಹೆಚ್ಚುಕಡಿಮೆ ಹಾಗೇ ಇರುತ್ತದೆ.

“ಆದ್ರೆ ಮಾವ, ನಾವು ವಿಡಿಯೊ ಕೆಲಸ ಮಾಡೋದಲ್ವಾ? ಅದೆಲ್ಲ ದೊಡ್ಡ ಫೈಲು” ಎಂದ ಹುಡುಗ. ಸರಿಯಾದ ಪ್ರಶ್ನೆ. ಅವನ ಕ್ಯಾಮೆರಾದ 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 12.5 ಎಂಬಿ. ನಾಲ್ಕು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಓಡಿಸಿದರೂ 50 ಎಂಬಿ. ಎಡಿಟಿಂಗು ನಿಧಾನವಾಗುವುದು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮುಗಳಲ್ಲಿ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸುವ ಹೊತ್ತೂ ಎಸ್‌ಎಸ್‌ಡಿಯ ಕೈಯಲ್ಲಿಲ್ಲ. ಭಾವ ಬಳಸುವ ಯುಎಚ್‌ಎಸ್-1 ದರ್ಜೆಯ ಎಸ್‌ಡಿ ಕಾರ್ಡಿನ ಮೇಲ್ಮಿತಿಯೇ ಸೆಕೆಂಡಿಗೆ 104 ಎಂಬಿ. ತುಂಬಿದ 64 ಜಿಬಿ ಕಾರ್ಡು ಇಳಿಯಲು ಕನಿಷ್ಠ ಹತ್ತು ನಿಮಿಷವಾದರೂ ಹಿಡಿಯುತ್ತದೆ. ಆ ಕಡೆ ಎಂಥ ಎಸ್‌ಎಸ್‌ಡಿ ಬಾಯಿ ತೆರೆದು ಕಾದಿದ್ದರೂ ಅಷ್ಟೇ. ಎಂಟು ಕೆ ವಿಡಿಯೊವನ್ನು ಕುಗ್ಗಿಸದೆ ಕತ್ತರಿಸುವವರಿಗೆ, ನೂರಾರು ಜಿಬಿಯ ದತ್ತಾಂಶವನ್ನು ದಿನವೂ ಅತ್ತಿತ್ತ ಸರಿಸುವವರಿಗೆ ಜೆನ್ 5 ಬೇಕು. ಮದುವೆಮನೆಯ ವಿಡಿಯೊಕ್ಕೆ ಬೇಡ.

ಇಷ್ಟು ಮಾತಾಡಿದ ಮೇಲೆ ಅವನು ಆರಿಸಿದ್ದ ಮದರ್‌ಬೋರ್ಡಿನ ಕೈಪಿಡಿ ತೆಗೆದು ನೋಡಿದೆ. ಬಿ650 ಚಿಪ್‌ಸೆಟ್ಟಿನ ಬೋರ್ಡು. ಈ ಸಾಲಿನ ಬೋರ್ಡುಗಳಲ್ಲಿ ಎಸ್‌ಎಸ್‌ಡಿಗೆ ಜೆನ್ 5 ಸ್ಲಾಟು ಕೊಡುವುದು ಬಿಡುವುದು ತಯಾರಕರ ಇಷ್ಟ. ಅವನದರಲ್ಲಿ ಮೊದಲ ಸ್ಲಾಟೇ ಜೆನ್ 4. ಅಲ್ಲಿಗೆ ಆ ದುಬಾರಿ ಡ್ರೈವು ಹಾಕಿದ್ದರೂ 7,000ದ ಆಚೀಚೆಗೆ ನಿಂತುಬಿಡುತ್ತಿತ್ತು. ಕೈಪಿಡಿಯ ಈ ಒಂದು ಪುಟವನ್ನು ದುಡ್ಡು ಕೊಡುವ ಮುಂಚೆ ಓದಲೇಬೇಕು. ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟು ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಸುಮ್ಮನಾಗುತ್ತವೆ. ನೋಡಲು ಒಂದೇ ಥರ ಇರುವ ಎಂ.2 ಕಡ್ಡಿಗಳಲ್ಲಿ ಕೆಲವು ಹಳೆಯ ಬಗೆಯ ಸಾಟಾ, ಕೆಲವು ಜೆನ್ 4, ಜೆನ್ 5ರಂಥ ವೇಗದ ಎನ್‌ವಿಎಂಇ. ಸಾಟಾದ್ದನ್ನು ಎನ್‌ವಿಎಂಇಗೆ ಮಾತ್ರ ಮೀಸಲಾದ ಸ್ಲಾಟಿಗೆ ಹಾಕಿದರೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. 2280 ಎಂಬ ಗುರುತಿನಲ್ಲಿ 22 ಅಗಲ, 80 ಉದ್ದ, ಮಿಲಿಮೀಟರಿನಲ್ಲಿ. ಮನೆಯ ಕಂಪ್ಯೂಟರಿಗೆ ಬಹುಪಾಲು ಇದೇ ಅಳತೆ.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? ಚಿಪ್ಪಿನ ಒಳಗನ್ನು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ, ಈಗಿನ ಫೋನಿನ ಒಂದು ಫೋಟೊದಷ್ಟು. ತಿರುಗುವ ತಟ್ಟೆಯಿಲ್ಲದೆ, ಕರೆಂಟು ಹೋದರೂ ಅಳಿಸದಂತೆ ನೆನಪಿಡುವ ದಾರಿಯನ್ನು 1967ರಲ್ಲಿ ಬೆಲ್ ಲ್ಯಾಬ್ಸ್‌ನ ದಾವೊನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿದರು. ನಿರೋಧಕ ಗೋಡೆಗಳ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದು. ಅದನ್ನು ಬೆಳೆಸಿದವರು ಜಪಾನಿನ ತೋಶಿಬಾದಲ್ಲಿದ್ದ ಫ್ಯುಜಿಯೊ ಮಸುಒಕ. 1987ರಲ್ಲಿ ಅವರು ಲೋಕದ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಇವತ್ತು ಎಲ್ಲರ ಫೋನು, ಪೆನ್‌ಡ್ರೈವು, ಎಸ್‌ಎಸ್‌ಡಿಗಳಲ್ಲಿದೆ. ಒಂದು ಇಡೀ ಪಾಲನ್ನು ಒಮ್ಮೆಗೇ ಅಳಿಸುವುದನ್ನು ಕಂಡು ಕ್ಯಾಮೆರಾದ ಫ್ಲ್ಯಾಶ್ ನೆನಪಾಗಿ ಆ ಹೆಸರು ಸೂಚಿಸಿದವರು ಅವರ ಸಹೋದ್ಯೋಗಿ ಶೋಜಿ ಅರಿಇಝುಮಿ. ಸ್ಟುಡಿಯೊ ಇಟ್ಟಿರುವ ಭಾವನಿಗೆ ಈ ಸಂಗತಿ ಬಹಳ ಹಿಡಿಸಿತು. 1991ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ಐಬಿಎಂಗೆ ಕೊಟ್ಟ ಎಸ್‌ಎಸ್‌ಡಿ 20 ಎಂಬಿಯದು, ಬೆಲೆ ಸುಮಾರು ಸಾವಿರ ಡಾಲರು.

ಎಲೆಕ್ಟ್ರಾನುಗಳನ್ನು ಕೂಡಿಹಾಕಿದ ಆ ಒಂದೊಂದು ಕೋಶದಲ್ಲಿ ಎಷ್ಟು ಮಾಹಿತಿ ತುಂಬುತ್ತಾರೆ ಎನ್ನುವುದರ ಮೇಲೆ ಡ್ರೈವಿನ ಗುಣ ನಿಂತಿದೆ. ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಂಪು ಮಿಕ್ಸ್ಚರ್ ಕೊಡುತ್ತಿದ್ದ ಬಾಟಲಿ ನೆನಪಿದೆಯೇ? ಹೊರಗೆ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ, ಒಂದೊಂದು ಕಚ್ಚು ಒಂದೊಂದು ಡೋಸು. ಫ್ಲ್ಯಾಶ್ ಕೋಶವೂ ಅಂಥ ಬಾಟಲಿಯೇ. ಎಸ್‌ಎಲ್‌ಸಿಯಲ್ಲಿ ಒಂದು ಬಿಟ್, ಅಂದರೆ ಬಾಟಲಿ ಖಾಲಿಯೋ ತುಂಬಿದೆಯೋ ಎಂದಷ್ಟೇ ನೋಡಿದರಾಯಿತು. ಎಂಎಲ್‌ಸಿಯಲ್ಲಿ ಎರಡು ಬಿಟ್, ನಾಲ್ಕು ಮಟ್ಟ. ಟಿಎಲ್‌ಸಿಯಲ್ಲಿ ಮೂರು ಬಿಟ್, ಎಂಟು ಮಟ್ಟ. ಕ್ಯುಎಲ್‌ಸಿಯಲ್ಲಿ ನಾಲ್ಕು ಬಿಟ್, ಹದಿನಾರು ಮಟ್ಟ. ಬಾಟಲಿ ಅಷ್ಟೇ, ಕಚ್ಚುಗಳು ಮಾತ್ರ ಒತ್ತೊತ್ತಾಗುತ್ತ ಹೋಗುತ್ತವೆ. ಹನಿ ಸೋರಿದರೂ ಮೇಲಿನ ಮಟ್ಟವನ್ನು ಕೆಳಗಿನದೆಂದು ಓದುವ ಅಪಾಯ. ಹಾಗಾಗಿ ತುಂಬುವಾಗಲೂ ಓದುವಾಗಲೂ ಹೆಚ್ಚು ಎಚ್ಚರ, ಹೆಚ್ಚು ಹೊತ್ತು. ಪ್ರತಿ ಬಾರಿ ಬರೆದು ಅಳಿಸಿದಾಗ ಗೋಡೆ ಇಷ್ಟಿಷ್ಟೇ ಸವೆಯುವುದರಿಂದ ಕ್ಯುಎಲ್‌ಸಿ ಬೇಗ ಹಳತಾಗುತ್ತದೆ. 2013ರ ನಂತರ ಕೋಶಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟಲು ಶುರುಮಾಡಿದರು. ಆಗ 24 ಅಂತಸ್ತು, ಈಗ 200ಕ್ಕೂ ಹೆಚ್ಚು. ಜಾಗದ ಇಕ್ಕಟ್ಟು ತಪ್ಪಿದ್ದರಿಂದ ಟಿಎಲ್‌ಸಿ ಇವತ್ತು ಮನೆಬಳಕೆಗೆ ಪೂರ್ತಿ ನಂಬುವ ಮಟ್ಟದಲ್ಲಿದೆ. ಮುಖ್ಯ ಡ್ರೈವು ಟಿಎಲ್‌ಸಿಯೇ ಇರಲಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಸವೆತದ ಲೆಕ್ಕ ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಕಂಪನಿಯ ವಿವರಪತ್ರದಲ್ಲಿ ಟಿಬಿಡಬ್ಲ್ಯು ಎಂದು ಇರುತ್ತದೆ. ವಾರಂಟಿ ಉಳಿದಿರುವಂತೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬ ಅಂಕಿ ಅದು. ಒಂದು ಟಿಬಿಯ ಸ್ಯಾಮ್‌ಸಂಗ್ 990 ಪ್ರೊ ಮತ್ತು ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್770, ಎರಡಕ್ಕೂ 600. ಕಿಂಗ್‌ಸ್ಟನ್ ಕೆಸಿ3000ಕ್ಕೆ 800. ಕ್ಯುಎಲ್‌ಸಿ ಬಳಸುವ ಕ್ರುಶಿಯಲ್ ಪಿ3ಗೆ 220. ಮನೆಯ ಸಾಧಾರಣ ಬಳಕೆಯಲ್ಲಿ ದಿನಕ್ಕೆ 30 ಜಿಬಿ ಬರೆದರೆ 600 ಟಿಬಿ ಮುಗಿಯಲು ಐವತ್ತು ವರ್ಷ ದಾಟುತ್ತದೆ. ಪತ್ರ ಬರೆಯುವ, ಸಿನಿಮಾ ನೋಡುವ, ಮಕ್ಕಳ ಪಾಠದ ಮನೆಗಳು ಸವೆತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಭಾವನ ಮನೆ ಹಾಗಲ್ಲ. ಮದುವೆ ತಿಂಗಳುಗಳಲ್ಲಿ ದಿನಕ್ಕೆ 200 ಜಿಬಿಗೆ ಮೋಸವಿಲ್ಲ. ವರ್ಷವಿಡೀ ಅದೇ ಗತಿ ಎಂದಿಟ್ಟುಕೊಂಡರೆ 220 ಟಿಬಿ ಮೂರು ವರ್ಷಕ್ಕೆ ಮುಗಿಯುತ್ತದೆ, 600 ಟಿಬಿ ಎಂಟು ವರ್ಷಕ್ಕೆ. ಎರಡು ಟಿಬಿಯ ಡ್ರೈವು ಕೊಂಡರೆ ಆ ಅಂಕಿಯೂ ದುಪ್ಪಟ್ಟು, 1,200. ಹದಿನಾರು ವರ್ಷ.

ದೊಡ್ಡ ಡ್ರೈವು ಕೊಳ್ಳಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇದನ್ನು ಹುಡುಗನಿಗಿಂತ ಅಕ್ಕ ಬೇಗ ಹಿಡಿದಳು, ಯಾಕೆಂದರೆ ನಾನು ಹೇಳಿದ್ದು ಅವಳ ಅಂಗಳದ ಹೋಲಿಕೆ. ಅಂಗಳದ ಯಾವ ಮೂಲೆ ಖಾಲಿಯಿದ್ದರೂ ಅಲ್ಲಿ ಒಂದು ಚೀಲ ಇಡಬಹುದು. ಸಗಣಿ ಹಾಕಿ ಸಾರಿಸಬೇಕೆಂದರೆ ಮಾತ್ರ ಇಡೀ ಅಂಗಳ ತೆರವು ಮಾಡಬೇಕು. ಬೇಕಾದ ಚೀಲಗಳನ್ನು ಪಕ್ಕದ ಅಂಗಳಕ್ಕೆ ಹೊತ್ತು, ಬೇಡದ್ದನ್ನು ಬಿಸಾಕಿ, ಆಮೇಲೆ ಸಾರಿಸಬೇಕು. ಫ್ಲ್ಯಾಶ್ ಇರುವುದೇ ಹಾಗೆ. ಬರೆಯುವುದು ಕೆಲವು ಕೆಬಿಗಳ ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಕಟ್ಟನ್ನು ಒಟ್ಟಿಗೆ. ಬರೆದ ಪುಟದ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಹೀಗಾಗಿ ಎಸ್‌ಎಸ್‌ಡಿಯೊಳಗಿನ ಕಂಟ್ರೋಲರು ಬಿಡುವು ಸಿಕ್ಕಾಗಲೆಲ್ಲ ಬೇಕಾದ ಪುಟಗಳನ್ನು ಬೇರೆ ಕಟ್ಟಿಗೆ ಸಾಗಿಸಿ ಹಳೆಯ ಕಟ್ಟನ್ನು ಅಳಿಸಿ ಇಡುತ್ತದೆ. ಯಾವ ಫೈಲನ್ನು ನಾವು ಅಳಿಸಿದ್ದೇವೆ ಎಂದು ವಿಂಡೋಸ್ ಅದಕ್ಕೆ ಟ್ರಿಮ್ ಎಂಬ ಆಜ್ಞೆಯಿಂದ ತಿಳಿಸುತ್ತದೆ. 2009ರ ವಿಂಡೋಸ್ 7ರಿಂದ ಈ ಏರ್ಪಾಡಿದೆ. ಅಂಗಳವೆಲ್ಲ ಭರ್ತಿಯಾಗಿದ್ದರೆ ಸಾರಿಸುವುದೆಲ್ಲಿ? ಹೊತ್ತದ್ದನ್ನೇ ಹೊರುವ ಕೆಲಸ. ವೇಗವೂ ಬೀಳುತ್ತದೆ, ಸವೆತವೂ ಹೆಚ್ಚುತ್ತದೆ. ಐದನೇ ಒಂದು ಪಾಲು ಯಾವಾಗಲೂ ಖಾಲಿ ಇರುವಂತೆ ನೋಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಒಂದು ಟಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಮೋಸವಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತವೆ. ಅದರಲ್ಲಿ ಐದನೇ ಒಂದು ತೆಗೆದರೆ ಉಳಿಯುವುದು 745. ನೂರು ಜಿಬಿ ದಾಟುವ ಆಟಗಳಿರುವ ಈ ಕಾಲದಲ್ಲಿ ಅದು ದೊಡ್ಡ ಅಂಗಳವೇನಲ್ಲ.

ಕಂಟ್ರೋಲರಿಗೆ ಯಾವ ಪುಟ ಎಲ್ಲಿದೆ ಎಂಬ ನಕ್ಷೆ ಸದಾ ಬೇಕು. ಒಳ್ಳೆಯ ಡ್ರೈವುಗಳಲ್ಲಿ ನಕ್ಷೆ ಇಡಲೆಂದೇ ಒಂದು ಟಿಬಿಗೆ ಒಂದು ಜಿಬಿಯಷ್ಟು ಡಿರ‍್ಯಾಮ್ ಇರುತ್ತದೆ. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಡ್ರೈವುಗಳು ಕಂಪ್ಯೂಟರಿನ ರ‍್ಯಾಮಿನಿಂದ ಸ್ವಲ್ಪ ಕಡ ಪಡೆದು ಸುಧಾರಿಸುತ್ತವೆ. ಎಸ್‌ಎನ್770 ಅಂಥದ್ದೇ, ಮನೆಗೆ ಧಾರಾಳ ಸಾಕು. ಸಾಟಾ ಡ್ರೈವುಗಳಿಗೆ ಈ ಕಡದ ಅನುಕೂಲ ಇಲ್ಲ, ಅಲ್ಲಿ ಡಿರ‍್ಯಾಮ್ ಇರುವುದನ್ನೇ ಹುಡುಕಬೇಕು. ಇನ್ನೊಂದು ಗುಟ್ಟು: ಟಿಎಲ್‌ಸಿ, ಕ್ಯುಎಲ್‌ಸಿ ಡ್ರೈವುಗಳು ಖಾಲಿ ಜಾಗದ ಒಂದು ಪಾಲನ್ನು ತಾತ್ಕಾಲಿಕವಾಗಿ ಎಸ್‌ಎಲ್‌ಸಿಯಂತೆ ಬಳಸಿ ಮೊದಲು ಅಲ್ಲಿಗೆ ರಭಸದಿಂದ ಬರೆದುಕೊಳ್ಳುತ್ತವೆ. ಪೆಟ್ಟಿಗೆಯ ಮೇಲಿನ ಬರೆಯುವ ವೇಗ ಆ ಪಾಲಿನದು. ಅದು ತುಂಬಿದ ಮೇಲೆ ಟಿಎಲ್‌ಸಿ ತಡೆದುಕೊಳ್ಳುತ್ತದೆ. ಅಗ್ಗದ ಕ್ಯುಎಲ್‌ಸಿ ಹಾರ್ಡ್‌ಡಿಸ್ಕಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿದುಬಿಡುತ್ತದೆ. ಮಧ್ಯಾಹ್ನ ಮದುವೆ ಮುಗಿಸಿ ಬಂದು ನಾಲ್ಕು ಕಾರ್ಡು ಒಟ್ಟಿಗೆ ಇಳಿಸುವವರಿಗೆ ಇದು ಕಣ್ಣಿಗೆ ಕಾಣುವ ವ್ಯತ್ಯಾಸ.

ಹೊಸ ಕಂಪ್ಯೂಟರಲ್ಲ, ಹಳೆಯದನ್ನೇ ಇನ್ನೊಂದಿಷ್ಟು ವರ್ಷ ಓಡಿಸಬೇಕು ಅನ್ನುವವರು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಒಂದನ್ನು ಹಾಕಿಸಿ ನೋಡಿ. ಹಾರ್ಡ್‌ಡಿಸ್ಕಿನಿಂದ ಅಲ್ಲಿಗೆ ಏರಿದಾಗ ಸಿಗುವ ಸುಖ ಮುಂದಿನ ಯಾವ ಮೆಟ್ಟಿಲಲ್ಲೂ ಸಿಗುವುದಿಲ್ಲ.

ಕೊಳ್ಳಲು ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರು ಜೋಡಿಸುವವರೆಲ್ಲ ಒಮ್ಮೆಯಾದರೂ ಸುತ್ತಿದ ಬೀದಿ ಅದು. ಬೆಲೆ ಕೇಳಿ ಎದೆ ಸ್ವಲ್ಪ ಧಸಕ್ಕೆಂದಿತು. 2025ರ ಕೊನೆಯಿಂದ ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮು, ಎಸ್‌ಎಸ್‌ಡಿ ಎರಡೂ ದುಬಾರಿಯಾಗಿವೆ. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರುಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಅಂಗಡಿಗಳಲ್ಲಿ ನೂರೆಂಟು ಹೆಸರಿನ ಎಸ್‌ಎಸ್‌ಡಿಗಳು ತೂಗುತ್ತಿದ್ದರೂ ಒಳಗಿನ ಫ್ಲ್ಯಾಶ್ ಚಿಪ್ಪು ತಯಾರಿಸುವವರು ಲೋಕದಲ್ಲಿ ಬೆರಳೆಣಿಕೆಯಷ್ಟು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಹಳೆಯ ತೋಶಿಬಾದ ಕುಡಿಯಾದ ಕಿಯೋಕ್ಸಿಯಾ, ಅದರ ಜತೆಗಾರ ಸ್ಯಾನ್‌ಡಿಸ್ಕ್, ಮೈಕ್ರಾನ್, ಚೀನಾದ ವೈಎಂಟಿಸಿ. ಉಳಿದವರು ಇವರಿಂದ ಕೊಂಡು ಜೋಡಿಸುವವರು. ಹೀಗೆ ಜೋಡಿಸುವವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಅಗ್ಗದ ಸಾಲುಗಳಲ್ಲಿ ಹೆಸರು ಅದೇ ಇಟ್ಟು ಒಳಗಿನ ಚಿಪ್ಪು ಬದಲಾಯಿಸುವುದುಂಟು. ಆ ಮಾದರಿಯ ಬಗ್ಗೆ ನೀವು ಓದಿದ ಪರೀಕ್ಷೆ ಬೇರೆ ಸರಕಿನದು, ಕೈಗೆ ಸಿಕ್ಕುವುದು ಬೇರೆ. ವಿವರಪತ್ರದಲ್ಲಿ ಟಿಎಲ್‌ಸಿ ಎಂದು ಬಾಯಿಬಿಟ್ಟು ಹೇಳದ ಡ್ರೈವನ್ನು ನಾನು ಮುಖ್ಯ ಡ್ರೈವಾಗಿ ಕೊಳ್ಳುವುದಿಲ್ಲ.

“ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಆಗತ್ತೆ ಸರ್” ಎಂದ ಕೌಂಟರಿನ ಹುಡುಗ. ಬೇಡ, ಬಿಲ್ಲು ಬೇಕೇ ಬೇಕು. ಶೇ 18ರ ಜಿಎಸ್‌ಟಿ ಉಳಿಸಲು ಹೋಗಿ ಐದು ವರ್ಷದ ವಾರಂಟಿ ಕಳೆದುಕೊಳ್ಳಬಾರದು. ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿ. ಅಲ್ಲೇ ನಿಂತು ಕಂಪನಿಯ ಜಾಲತಾಣದಲ್ಲಿ ಆ ನಂಬರು ಹಾಕಿ ವಾರಂಟಿ ತೋರಿಸುತ್ತದೆಯೇ ನೋಡಿ. ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಹೊಚ್ಚ ಹೊಸ ಡ್ರೈವುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳಿಗೆ ಕಂಪನಿಯ ವಾರಂಟಿ ಸಿಗುವುದು ಕಷ್ಟ. ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಗೆ 16 ಟಿಬಿ ಎಂದು ಕಂಡರೆ ಅದು ಸುಳ್ಳು ಹೇಳುವಂತೆ ತಿದ್ದಿದ ಪುಟ್ಟ ಚಿಪ್ಪು. ತುಂಬುತ್ತ ಹೋದ ಹಾಗೆ ಹಳೆಯದರ ಮೇಲೆ ಬರೆದು ಎಲ್ಲವನ್ನೂ ಹಾಳು ಮಾಡುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಇಡೀ ಡ್ರೈವನ್ನು ತುಂಬಿ, ಮತ್ತೆ ಓದಿ, ಇಂಥವನ್ನು ಹಿಡಿದುಕೊಡುತ್ತದೆ.

ನಾನು ಕೊಂಡದ್ದು ಎರಡು ಟಿಬಿಯ ಜೆನ್ 4 ಟಿಎಲ್‌ಸಿ ಡ್ರೈವು ಒಂದು, ನಾಲ್ಕು ನಾಲ್ಕು ಟಿಬಿಯ ಬಾಹ್ಯ ಹಾರ್ಡ್‌ಡಿಸ್ಕು ಎರಡು. ಏಳನೇ ಸಾಲಿಗೆ ಇಟ್ಟಿದ್ದ ದುಡ್ಡು ಸಾಲದೆ ಬಂದಷ್ಟನ್ನು ನಾನೇ ಸೇರಿಸಿದೆ. ಹಾರ್ಡ್‌ಡಿಸ್ಕು ಯಾಕೆ ಎಂದು ಹುಡುಗ ಕೇಳಿದ. ಅದಕ್ಕೆ ಉತ್ತರ ನನ್ನ ಮನೆಯಲ್ಲೇ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರಿನ ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಇಲ್ಲವಾಯಿತು. ರಾತ್ರಿ ಸರಿಯಿತ್ತು. ಬೆಳಿಗ್ಗೆ ಆನ್ ಮಾಡಿದರೆ ಬಯೋಸಿನಲ್ಲಿ ಅದರ ಹೆಸರೇ ಇಲ್ಲ. ಹಾರ್ಡ್‌ಡಿಸ್ಕು ಸಾಯುವ ಮುಂಚೆ ನರಳುತ್ತದೆ, ಟಿಕ್ ಟಿಕ್ ಎಂದು ಮುನ್ಸೂಚನೆ ಕೊಡುತ್ತದೆ, ತಟ್ಟೆಯ ಮೇಲಿನದನ್ನು ಎತ್ತಿಕೊಡುವ ತಜ್ಞರೂ ಇದ್ದಾರೆ. ಎಸ್‌ಎಸ್‌ಡಿಯ ಕಂಟ್ರೋಲರು ಕೈಕೊಟ್ಟರೆ ಸದ್ದಿಲ್ಲ, ಸುಳಿವಿಲ್ಲ. ನಕ್ಷೆ ಹೋದ ಮೇಲೆ ಚಿಪ್ಪುಗಳಲ್ಲಿರುವ ತುಣುಕುಗಳನ್ನು ಜೋಡಿಸುವುದು ಬಹುತೇಕ ಆಗದ ಕೆಲಸ. ಕಂಪನಿಯವರು ವಾರಂಟಿಯಂತೆ ಮೂರು ವಾರದಲ್ಲಿ ಹೊಸ ಡ್ರೈವು ಕಳಿಸಿದರು. ಹಳೆಯದರಲ್ಲಿ ಅಮ್ಮ ಹಾಡಿದ ಹನ್ನೊಂದು ಹಸೆ ಹಾಡುಗಳಿದ್ದವು. ಅವಳು ಹೋಗುವ ವರ್ಷ ಜಗಲಿಯಲ್ಲಿ ಕೂರಿಸಿ ರೆಕಾರ್ಡು ಮಾಡಿಕೊಂಡಿದ್ದೆ. ನಡುನಡುವೆ ಕೆಮ್ಮುತ್ತ, ಮರೆತ ಸಾಲಿಗೆ ಅಕ್ಕನನ್ನು ಕೇಳುತ್ತ ಹಾಡಿದ್ದಳು. ಅಕ್ಕನ ಫೋನಿಗೆ ಕಳಿಸಿದ್ದ ಮೂರು ಉಳಿದವು. ಎಂಟು ಹೋದವು. ಆ ಹಾಡುಗಳ ಸಾಲುಗಳು ಊರಿನ ಬೇರೆ ಹೆಂಗಸರಿಗೆ ಗೊತ್ತಿರಬಹುದು. ಆ ದನಿ ಇನ್ನೆಲ್ಲೂ ಇಲ್ಲ.

ಛಾಯಾಗ್ರಾಹಕರಿಗಾಗಿ ಅಮೆರಿಕದ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲೊಂದು ಮನೆಯಿಂದ ಹೊರಗೆ. ಬೀರುವಿನಲ್ಲಿ ಇಡುವ ಪ್ರತಿಗೆ ಎಸ್‌ಎಸ್‌ಡಿ ತಕ್ಕದ್ದಲ್ಲ. ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಬರೆಯುವ ಮಿತಿ ಪೂರ್ತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಬಿಸಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ದತ್ತಾಂಶ ಉಳಿಸಿಕೊಳ್ಳಬೇಕು ಎನ್ನುವುದಷ್ಟೇ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಅದಕ್ಕಿಂತ ಬಹಳ ಕಾಲ ತಡೆಯುತ್ತದೆ, ಆದರೂ ಕಾಂತದಲ್ಲಿ ಬರೆದಿಡುವ ಹಾರ್ಡ್‌ಡಿಸ್ಕೇ ಆ ಕೆಲಸಕ್ಕೆ ಮೇಲು. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿ ಮುಚ್ಚಿಡುವ ಡಬ್ಬಿ ಭಾವನ ಬಳಿ ಹೇಗೂ ಇದೆ. ಒಂದು ಡಿಸ್ಕಿಗೆ ಅದರಲ್ಲೇ ಜಾಗವಾಯಿತು.

“ಜನ ಒಂದೇ ಸಲ ಮದುವೆ ಆಗೋದು ಕಣೋ. ಫೋಟೊ ಹೋದ್ರೆ ನಾವು ಅವರ ಮುಖ ಹೇಗೆ ನೋಡೋದು?” ಎಂದಳು ಅಕ್ಕ. ಅವಳಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ.

ಜೋಡಿಸುವ ದಿನ ನಾನೂ ಸಾಗರದಲ್ಲಿದ್ದೆ. ಎಂ.2 ಕಡ್ಡಿಯನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ, ಮೆಲ್ಲಗೆ ಕೆಳಕ್ಕೆ ಒತ್ತಿ, ತುದಿಗೆ ಒಂದು ಸ್ಕ್ರೂ ಬಿಗಿದರೆ ಮುಗಿಯಿತು. ಅಕ್ಕಿಕಾಳಿನಷ್ಟೇ ಇರುವ ಆ ಸ್ಕ್ರೂ ಬೋರ್ಡಿನ ಪೆಟ್ಟಿಗೆಯಲ್ಲಿ ಪುಟ್ಟ ಪೊಟ್ಟಣದಲ್ಲಿ ಇರುತ್ತದೆ, ಪೆಟ್ಟಿಗೆ ಬಿಸಾಡುವ ಮುಂಚೆ ನೋಡಿಕೊಳ್ಳಿ. ಮೇಲೆ ಕೂರಿಸುವ ಹೀಟ್‌ಸಿಂಕಿನ ಮೆತ್ತೆಗೆ ತೆಳು ಪ್ಲಾಸ್ಟಿಕ್ಕು ಅಂಟಿರುತ್ತದೆ, ಸುಲಿಯುವುದನ್ನು ಬಹಳ ಜನ ಮರೆಯುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಬುಡದಲ್ಲಿ ಕೂತ ಡ್ರೈವು 70, 80 ಡಿಗ್ರಿ ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಸಾಗರದಲ್ಲಿ ಹೇಗೋ ನಡೆಯುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಮನೆಗಳಲ್ಲಿ ಹೀಟ್‌ಸಿಂಕು ಇರಲೇಬೇಕು. ಯುಪಿಎಸ್ ಬೇಕೇ ಎಂದು ಅಕ್ಕನಿಗೆ ಅನುಮಾನವಿತ್ತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ತಡೆಯುವ ಕೆಪಾಸಿಟರುಗಳು ಸರ್ವರುಗಳ ಎಸ್‌ಎಸ್‌ಡಿಯಲ್ಲಿರುತ್ತವೆ, ಮನೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಎಂದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕರೆಂಟಿನ ಕಥೆ ಅವಳಿಗೇ ಗೊತ್ತು.

ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ವಿಂಡೋಸ್ 11 ಹಾಕಿದರೆ ಈಗ ಡ್ರೈವಿಗೆ ತಾನಾಗಿಯೇ ಬೀಗ ಬೀಳುವುದುಂಟು. ನಾಳೆ ಬೋರ್ಡು ಕೆಟ್ಟು ಡ್ರೈವನ್ನು ಬೇರೆ ಯಂತ್ರಕ್ಕೆ ಹಾಕಿದಾಗ ಅದು 48 ಅಂಕಿಗಳ ಕೀಲಿ ಕೇಳುತ್ತದೆ. ಹುಡುಗ ಅದನ್ನು ಸ್ಟುಡಿಯೊದ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಆರಾರು ಅಂಕಿಯಾಗಿ ಬರೆದುಕೊಂಡ.

ಹಳೆಯ ಹಾರ್ಡ್‌ಡಿಸ್ಕಿನಿಂದ ಎಲ್ಲವನ್ನೂ ಇಳಿಸಲು ರಾತ್ರಿಯಿಡೀ ಹಿಡಿಯಿತು. ಟಿಕ್ ಟಿಕ್ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಎರಡು ಕಡೆ ಅದು ನಿಂತೇ ಹೋಯಿತು, ಮತ್ತೆ ಹೊರಟಿತು. ಬೆಳಗಿನ ಜಾವ ನಾಲ್ಕೂವರೆಗೆ ಮುಗಿದಾಗ ಭಾವ ಎದ್ದು ಬಂದು ಒಂದೊಂದೇ ಫೋಲ್ಡರು ತೆರೆಸಿ ನೋಡಿದರು. ಅಮ್ಮನ ಮೂರು ಹಾಡುಗಳನ್ನು ಅಕ್ಕನ ಫೋನಿನಿಂದ ತೆಗೆದು ನಾವು ಅದರ ಜೊತೆ ಸೇರಿಸಿದೆವು. ಆಮೇಲೆ ಎರಡೂ ಬಾಹ್ಯ ಡಿಸ್ಕುಗಳಿಗೆ ಪ್ರತಿ ಮಾಡಲು ಮರುದಿನ ಸಂಜೆಯಾಯಿತು. ಎರಡರ ಮೇಲೂ ಹುಡುಗ ಮಾರ್ಕರಿನಲ್ಲಿ ತಾರೀಖು ಬರೆದ. ಒಂದು ಲೆನ್ಸಿನ ಡಬ್ಬಿಗೆ ಹೋಯಿತು. ಇನ್ನೊಂದನ್ನು ಅಕ್ಕ ತನ್ನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಮೂರು ಸುತ್ತು ಸುತ್ತಿ, ಹಪ್ಪಳದ ಕಟ್ಟುಗಳ ನಡುವೆ ನನ್ನ ಚೀಲದಲ್ಲಿಟ್ಟಳು. ತಾಳಗುಪ್ಪದಿಂದ ಬಂದ ರಾತ್ರಿ ರೈಲಿನಲ್ಲಿ ಆ ಚೀಲವನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗಿದೆ. ಈಗ ಅದು ಬೆಂಗಳೂರಿನಲ್ಲಿ ನನ್ನ ಪುಸ್ತಕದ ಕಪಾಟಿನಲ್ಲಿದೆ. ದೀಪಾವಳಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಹೊಸ ಫೋಲ್ಡರುಗಳನ್ನು ಸೇರಿಸಿಕೊಂಡು ಬರಬೇಕು.